ಸೊರಬದ ಮಳೆ ಯಲಹಂಕಕ್ಕೆ ಗೊತ್ತು

ಮನೆ ಆಟೊಮೇಷನ್ ಎಂದ ಕೂಡಲೇ ಜಾಹೀರಾತಿನವರು ತೋರಿಸುವ ಚಿತ್ರ ಒಂದೇ. ಸೋಫಾದಲ್ಲಿ ಕುಳಿತ ಚೆಂದದ ದಂಪತಿ, ‘ದೀಪ ಆರಿಸು’ ಎಂದರೆ ಆರುವ ದೀಪ, ತಾನೇ ಸರಿಯುವ ಪರದೆ. ಶಿಕಾರಿಪುರ, ಸೊರಬದ ಕಡೆ ಅದನ್ನು ನೋಡಿ ‘ಎದ್ದು ಸ್ವಿಚ್ ಒತ್ತಕ್ಕೂ ಸೋಮಾರಿತನ’ ಎಂದು ನಗುವವರೇ ಹೆಚ್ಚು. ಹಾಗೆ ನಗುವವರ ತೋಟಕ್ಕೊಮ್ಮೆ ಹೋಗಿ ನೋಡಿ. ಪಂಪ್‌ಹೌಸಿನ ಗೋಡೆಯಲ್ಲಿ ಸ್ಟಾರ್ಟರಿನ ಪಕ್ಕ ಒಂದು ಪುಟ್ಟ ಡಬ್ಬ, ಅದರೊಳಗೊಂದು ಸಿಮ್. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂದರೆ ಹಾಸಿಗೆಯಲ್ಲಿ ಮಲಗಿಯೇ ಒಂದು ಕರೆ, ಅತ್ತ ಮೋಟಾರು ಶುರು. ಹಾವು, ಕೆಸರು, ಕಾಡುಹಂದಿಗಳ ನಡುವೆ ಟಾರ್ಚು ಹಿಡಿದು ಹೋಗುವ ಕೆಲಸ ತಪ್ಪಿತು. ಇದೂ ಆಟೊಮೇಷನ್ನೇ. ಹೆಸರು ಮಾತ್ರ ‘ಮೊಬೈಲ್ ಸ್ಟಾರ್ಟರ್’.

ಪುಣೆಯ ನ್ಯಾನೊ ಗಣೇಶ, ಬೆಂಗಳೂರಿನ ಕಿಸಾನ್ ರಾಜ ಮುಂತಾದ ಹೆಸರಿನಲ್ಲಿ ಇವು ಬಂದಾಗ ಯಾರೂ ಇದನ್ನು ತಂತ್ರಜ್ಞಾನ ಎಂದು ಕರೆದು ಸಂಭ್ರಮಿಸಲಿಲ್ಲ. ಬೇಕಿತ್ತು, ಕೊಂಡರು. ಮಿಸ್ಡ್ ಕಾಲ್ ಎಂಬುದೇ ನಮ್ಮ ದೇಶದ ಅಗ್ಗದ ಸಂದೇಶ ವ್ಯವಸ್ಥೆ. ಅದರ ಮೇಲೆಯೇ ಬೆಂಗಳೂರಿನಲ್ಲಿ 2010ರಲ್ಲಿ ಜಿಪ್‌ಡಯಲ್ ಎಂಬ ಕಂಪನಿ ಹುಟ್ಟಿತು, 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಕಾಸು ಖರ್ಚಾಗದ ಕರೆಗೆ ಅಷ್ಟು ಬೆಲೆ.

ಆದರೆ ಮಿಸ್ಡ್ ಕಾಲಿಗೆ ಬಾಯಿಲ್ಲ. ‘ನಾನು ಕರೆದೆ’ ಎಂಬುದಕ್ಕಿಂತ ಹೆಚ್ಚೇನನ್ನೂ ಅದು ಹೇಳಲಾರದು. ನಾಳೆ ಮಳೆ ಬರುತ್ತದೆಯೇ, ಇವತ್ತು ರಾಶಿ ಅಡಿಕೆಗೆ ಎಷ್ಟಾಗಿದೆ, ಸಿಂಟೆಕ್ಸಿನಲ್ಲಿ ನೀರು ಎಷ್ಟಿದೆ, ಇವೆಲ್ಲ ಅದರ ಶಕ್ತಿಗೆ ಮೀರಿದ್ದು. ಇನ್ನೊಂದು ತೊಡಕೂ ಇದೆ. ಹಳೆಯ ಡಬ್ಬಗಳಲ್ಲಿ ಬಹುಪಾಲು 2ಜಿ ನಂಬಿದವು. ಜಿಯೋ ಬಳಿ 2ಜಿಯೇ ಇಲ್ಲ. ಆ ಸಿಮ್ ಹಾಕಿದರೆ ಡಬ್ಬ ಮೂಕ.

ಹೀಗಾಗಿ ಈಗಿನ ಹುಡುಗರು ಬೇರೆ ದಾರಿ ಹಿಡಿದಿದ್ದಾರೆ. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ 8266 ಎಂಬ ಚಿಪ್ಪು 2014ರಲ್ಲಿ ಪೇಟೆಗೆ ಬಂದದ್ದೇ ಬಂದದ್ದು, ವೈಫೈ ಎಂಬುದು ಮುನ್ನೂರು ರೂಪಾಯಿ ಒಳಗಿನ ಸರ್ಕ್ಯೂಟ್ ಹಲಗೆಗೂ ಸಿಕ್ಕಿತು. ಪೌಲಸ್ ಸ್ಕೌಟ್ಸನ್ 2013ರಲ್ಲಿ ಶುರು ಮಾಡಿದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ಮನೆಯ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇವೆರಡು ಸೇರಿದರೆ ಮನೆ ತಾನಾಗಿ ಹೊರಜಗತ್ತಿಗೆ ಒಂದು ಕೋರಿಕೆ ಕಳಿಸಬಹುದು, ಉತ್ತರ ಪಡೆದು ಅದರಂತೆ ನಡೆಯಬಹುದು. ಕಂಪ್ಯೂಟರಿನವರು ಇದನ್ನು ವೆಬ್ ಎಪಿಐ ಕೋರಿಕೆ ಎನ್ನುತ್ತಾರೆ.

ಹೆಸರಿಗೆ ಹೆದರಬೇಕಿಲ್ಲ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ನಿಂತವರಿಗೆಲ್ಲ ಇದು ಗೊತ್ತಿರುವ ವಿದ್ಯೆ. ‘ಸರ್ವೆ ನಂಬರು ಇಂಥದ್ದು, ಪಹಣಿ ಕೊಡಿ’ ಎಂದು ಕೇಳಿದರೆ ಅದು ಗೆಟ್. ಹತ್ತು ಸಲ ಕೇಳಿದರೂ ಜಮೀನಿಗೆ ಏನೂ ಆಗುವುದಿಲ್ಲ. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ಅದು ಪೋಸ್ಟ್. ಹತ್ತು ಸಲ ಕೊಟ್ಟರೆ ಹತ್ತು ಫೈಲು ತೆರೆದುಕೊಂಡು ಜೀವ ತೆಗೆಯುತ್ತವೆ. ಉತ್ತರಗಳೂ ನಮಗೆ ಪರಿಚಯದವೇ, ಮೂರಂಕಿಯ ವೇಷದಲ್ಲಿ ಬರುತ್ತವೆ ಅಷ್ಟೆ. 200 ಎಂದರೆ ಕೆಲಸ ಆಯಿತು. 401 ಎಂದರೆ ‘ನೀವ್ಯಾರು, ಗುರುತಿನ ಚೀಟಿ ಎಲ್ಲಿ?’ 404 ಎಂದರೆ ‘ಅಂಥ ಸರ್ವೆ ನಂಬರೇ ಇಲ್ಲ’. 429 ಎಂದರೆ ‘ಬೆಳಿಗ್ಗೆಯಿಂದ ಎಷ್ಟು ಸಲ ಬರ್ತೀರಿ ಸ್ವಾಮಿ’. 503 ಎಂದರೆ ಇಡೀ ಕರ್ನಾಟಕಕ್ಕೆ ಬಾಯಿಪಾಠವಾಗಿರುವ ‘ಸರ್ವರ್ ಡೌನ್, ನಾಳೆ ಬನ್ನಿ’. (418 ಎಂಬುದೂ ಒಂದಿದೆ: ‘ನಾನು ಟೀ ಕುಡಿಕೆ, ಕಾಫಿ ಕಾಯಿಸಲಾರೆ’. 1998ರ ಏಪ್ರಿಲ್ ಒಂದರಂದು ತಂತ್ರಜ್ಞರು ಮಾಡಿದ ತಮಾಷೆ. ಸರ್ಕಾರಿ ಕಚೇರಿಗಳಿಗೆ ಇದನ್ನು ತಿಳಿಸುವುದು ಬೇಡ.)

ಹಳ್ಳಿಗೆ ಈ ಪದ್ಧತಿ ಒಪ್ಪುವುದಕ್ಕೆ ಇನ್ನೊಂದು ಕಾರಣವುಂಟು. ಮೊಬೈಲ್ ಸಿಮ್ಮಿನ ಇಂಟರ್ನೆಟ್ಟಿನಲ್ಲಿ ನಮ್ಮ ಮನೆಗೆ ಸ್ವಂತ ವಿಳಾಸ ಇರುವುದಿಲ್ಲ, ನೂರಾರು ಗ್ರಾಹಕರು ಒಂದೇ ವಿಳಾಸದ ಹಿಂದೆ ಕೂತಿರುತ್ತಾರೆ. ಹೊರಗಿನಿಂದ ಯಾರೂ ಸಲೀಸಾಗಿ ಒಳಬರಲಾರರು. ಒಳಗಿನಿಂದ ಹೊರಹೋಗಲು ಮಾತ್ರ ಅಡ್ಡಿಯಿಲ್ಲ. ಬಾಗಿಲು ಹಾಕಿಕೊಂಡೇ ಪ್ರಪಂಚದ ಜೊತೆ ವ್ಯವಹಾರ ಮಾಡುವ ಈ ಸೌಲಭ್ಯವನ್ನು ಕೆಡಿಸಿಕೊಂಡು, ರೂಟರಿನಲ್ಲಿ ಪೋರ್ಟು ತೆರೆದಿಟ್ಟು ‘ಎಲ್ಲಿಂದ ಬೇಕಾದರೂ ಮನೆ ನೋಡಬಹುದು’ ಎಂದು ಹಿಗ್ಗುವವರಿದ್ದಾರೆ. ಅವರಿಗೆ ಕಂಡ ಮನೆ ಕಳ್ಳರಿಗೂ ಕಾಣುತ್ತದೆ.

ಆನವಟ್ಟಿ ಕಡೆ ಒಂದು ಅಡಿಕೆ ಮನೆ ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ ಇಬ್ಬರೇ, ಮಗ ಬೆಂಗಳೂರಿನಲ್ಲಿ. ಅಂಥ ಮನೆಗೆ ಬೇಕಾದದ್ದು ಬಣ್ಣದ ದೀಪವಲ್ಲ. ಮಳೆಗಾಲದ ನಡುವೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವ ಕೊನೆಗಾರ ಸಿಗುವುದೇ ದೊಡ್ಡ ಮಾತು. ಅವನು ಬಂದ ದಿನ ಹೊಡೆದ ಔಷಧಿ ಒಣಗಲು ಕೆಲವು ಗಂಟೆ ಹೊಳವಾಗಬೇಕು. ಮನೆಯ ಯಂತ್ರ ಬೆಳಗಿನ ಜಾವ ಹವಾಮಾನದ ಸರ್ವರಿಗೆ ಅಕ್ಷಾಂಶ, ರೇಖಾಂಶ ಕೊಟ್ಟು ಗಂಟೆಗಂಟೆಯ ಮಳೆ ಮುನ್ಸೂಚನೆ ಕೇಳಿ, ‘ಹತ್ತರಿಂದ ಮೂರರವರೆಗೆ ಮಳೆ ಕಾಣುತ್ತಿಲ್ಲ’ ಎಂದು ಅಪ್ಪನ ಫೋನಿಗೆ ಒಂದು ಸಾಲು ಹಾಕಿದರೆ ಅದು ಉಪಯೋಗ. ಓಪನ್ ಮೀಟಿಯೊ ಎಂಬ ಸೇವೆ ಸ್ವಂತ ಬಳಕೆಗೆ ಕೀಲಿಯನ್ನೂ ಕೇಳದೆ ಉಚಿತವಾಗಿ ಇದನ್ನು ಕೊಡುತ್ತದೆ.

ಇಲ್ಲೊಂದು ದುರಾಸೆ ಶುರುವಾಗುತ್ತದೆ. ಹೋಮ್ ಅಸಿಸ್ಟೆಂಟಿನಲ್ಲಿ ಇಂಥ ಕೋರಿಕೆಯನ್ನು ಹೇಗಿದೆಯೋ ಹಾಗೇ ಬಿಟ್ಟರೆ 30 ಸೆಕೆಂಡಿಗೊಮ್ಮೆ ಕೇಳುತ್ತಲೇ ಇರುತ್ತದೆ. ದಿನಕ್ಕೆ 2,880 ಸಲ! ಓಪನ್ ವೆದರ್‌ನ ಒನ್ ಕಾಲ್ ಸೇವೆ ಉಚಿತವಾಗಿ ಕೊಡುವುದೇ ದಿನಕ್ಕೆ 1,000. ಅರ್ಧ ದಿನ ತುಂಬುವ ಮೊದಲೇ ಆ ಪಾಲು ಮುಗಿದುಹೋಗುತ್ತದೆ. ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ ನಾಲ್ಕು ಸಲ ಮಾತ್ರ ಹೊಸ ಲೆಕ್ಕ ಹಾಕುತ್ತದೆ. ಮುನ್ಸೂಚನೆಯೇ ಬದಲಾಗದೆ ಅರ್ಧ ನಿಮಿಷಕ್ಕೊಮ್ಮೆ ಕೇಳಿ ಆಗುವ ಲಾಭ ಏನು? ಗಂಟೆಗೊಮ್ಮೆ ಕೇಳಿದರೆ ಧಾರಾಳವಾಯಿತು. ಪುಕ್ಕಟೆ ಸಿಗುವುದನ್ನು ಮಿತಿಯಲ್ಲಿ ತೆಗೆದುಕೊಳ್ಳದಿದ್ದರೆ ಅದು ಬಹಳ ದಿನ ಪುಕ್ಕಟೆ ಉಳಿಯುವುದಿಲ್ಲ.

ಮುನ್ಸೂಚನೆಯ ಬಗ್ಗೆಯೂ ಅತಿ ನಂಬಿಕೆ ಬೇಡ. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ರೂಪಿಸಿ 2025ರ ಮೇ 26ರಂದು ಬಿಡುಗಡೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ದೇಶವನ್ನು 6 ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ, ಜಗತ್ತಿನ ಮಟ್ಟದಲ್ಲಿ ಅದು ಸಣ್ಣ ಚೌಕವೇ. ಆದರೂ ಚಂದ್ರಗುತ್ತಿಯ ಗುಡ್ಡಕ್ಕೆ ಸುರಿದ ಮಳೆ ಶಿರಾಳಕೊಪ್ಪಕ್ಕೆ ಬಾರದೇ ಹೋಗುವುದು, ಒಂದೇ ಊರಿನ ಮೇಲಿನ ಕೇರಿ ನೆನೆದು ಕೆಳಗಿನ ಕೇರಿ ಒಣಗಿರುವುದು ಈ ಕಡೆಯವರಿಗೆ ಹೊಸತೇ? ಮುನ್ಸೂಚನೆ ಬೇಕು, ಜೊತೆಗೆ ಈಗ ನಿಜವಾಗಿ ಎಲ್ಲಿ ಎಷ್ಟು ಬಿದ್ದಿದೆ ಎಂಬುದೂ ಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಕರೆಂಟು.

ಪುಸ್ತಕದಲ್ಲಿ ಬರೆದಿರುವ ಆಟೊಮೇಷನ್ನಿಗೂ ನಮ್ಮ ತಾಲ್ಲೂಕುಗಳ ಆಟೊಮೇಷನ್ನಿಗೂ ಇರುವ ವ್ಯತ್ಯಾಸವೆಲ್ಲ ಕರೆಂಟು ಹೋಗಿ ಬರುವ ಆ ಎರಡು ನಿಮಿಷದಲ್ಲಿ ಇದೆ. ಕರೆಂಟು ಬಂತು. ಇಎಸ್‌ಪಿ ಹಲಗೆ ಒಂದೆರಡು ಸೆಕೆಂಡಿನಲ್ಲಿ ಎದ್ದು ಕೂತಿತು. ರೂಟರಿಗೆ ಏಳಲು ಎರಡು ನಿಮಿಷ ಬೇಕು. ಹಲಗೆ ‘ಕರೆಂಟು ಬಂತು’ ಎಂದು ಬೆಂಗಳೂರಿನ ಮಗನಿಗೆ ತಿಳಿಸಲು ಹೋದರೆ ದಾರಿಯೇ ಇಲ್ಲ. ಬರೆದವನು ‘ಸಿಗದಿದ್ದರೆ ಮತ್ತೆ ಪ್ರಯತ್ನಿಸು’ ಎಂದು ಬರೆದಿರದಿದ್ದರೆ ಸಂದೇಶ ಅಲ್ಲಿಗೇ ಸತ್ತುಹೋಯಿತು.

ಹಾಗೂ ಹೀಗೂ ರೂಟರು ಎದ್ದಿತು ಎನ್ನಿ. ಈಗ ಇನ್ನೂ ಚೋದ್ಯದ ಸಮಸ್ಯೆ. ಈ ಅಗ್ಗದ ಹಲಗೆಯಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಎದ್ದಾಗ ಅದಕ್ಕೆ ಸಮಯ ಸೊನ್ನೆ. ಕಂಪ್ಯೂಟರ್ ಲೋಕದ ಸೊನ್ನೆ ಎಂದರೆ 1970ರ ಜನವರಿ 1, ನಮ್ಮ ಲೆಕ್ಕದಲ್ಲಿ ಬೆಳಗಿನ ಐದೂವರೆ. ಅಂದರೆ ಪ್ರತಿ ಸಲ ಕರೆಂಟು ಬಂದಾಗಲೂ ನಮ್ಮ ಮನೆ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿರುವ ಮೈಸೂರು ರಾಜ್ಯದಲ್ಲಿ ಕಣ್ಣು ಬಿಡುತ್ತದೆ! ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಲು ಇನ್ನೂ ಸುಮಾರು ನಾಲ್ಕು ವರ್ಷ ಇದೆ. ಬಂಗಾರಪ್ಪನವರು ಸೊರಬದಿಂದ ಮೊದಲ ಸಲ ಗೆದ್ದು ಮೂರು ವರ್ಷವೂ ತುಂಬಿಲ್ಲ. ಇದು ಬರೀ ತಮಾಷೆಯಾಗಿದ್ದರೆ ಬಿಡಬಹುದಿತ್ತು. ಸುರಕ್ಷಿತ ವೆಬ್ ವಿಳಾಸಗಳೆಲ್ಲ ಒಂದು ಪ್ರಮಾಣಪತ್ರ ತೋರಿಸುತ್ತವೆ, ಅದರಲ್ಲಿ ‘ಈ ದಿನದಿಂದ ಈ ದಿನದವರೆಗೆ’ ಎಂದು ಅವಧಿ ಇರುತ್ತದೆ. 1970ರಲ್ಲಿ ಕಣ್ಣುಬಿಟ್ಟ ಹಲಗೆ ಅದನ್ನು ನೋಡಿ, ‘ಇದಿನ್ನೂ ಜಾರಿಗೇ ಬಂದಿಲ್ಲ, ಮೋಸ’ ಎಂದು ಮಾತು ಮುರಿಯುತ್ತದೆ. ಎಲ್ಲ ಸರಿಯಿದ್ದೂ ಕೋರಿಕೆ ಹೋಗುವುದಿಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಮದ್ದು ಸುಲಭ. ಎದ್ದ ಕೂಡಲೇ ಮೊದಲು ಇಂಟರ್ನೆಟ್ಟಿನ ಸಮಯದ ಸರ್ವರನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳಬೇಕು, ಆಮೇಲೆ ಉಳಿದ ಮಾತು. ಆದರೆ ಹುಡುಗರು ಮಾಡುವುದೇ ಬೇರೆ: ಪ್ರಮಾಣಪತ್ರ ನೋಡುವುದನ್ನೇ ನಿಲ್ಲಿಸಿಬಿಡುತ್ತಾರೆ. ಕೋರಿಕೆ ಹೋಗುತ್ತದೆ, ಯಾರಿಗೆ ಹೋಯಿತೆಂಬ ಖಾತ್ರಿ ಇರುವುದಿಲ್ಲ. ಬರೀ ಉಷ್ಣಾಂಶ ಕೇಳುವುದಾದರೆ ಹೋಗಲಿ ಎನ್ನಬಹುದು. ಬಾಗಿಲಿನ ಬೀಗಕ್ಕೂ ಹಾಗೇ ಮಾಡಿದರೆ?

ಮತ್ತೆ ಪ್ರಯತ್ನಿಸುವುದರಲ್ಲೂ ಒಂದು ನಯ ಬೇಕು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತು ಬಂಗಾರಪ್ಪನವರ ಕಾಲದ ಕೊಡುಗೆ ಎಂದು ಈ ಕಡೆಯವರು ಇಂದಿಗೂ ನೆನೆಯುತ್ತಾರೆ. ಆ ಪಂಪ್‌ಸೆಟ್ಟುಗಳಿಗೆಲ್ಲ ಆಟೋ ಸ್ಟಾರ್ಟರ್ ಬಂದಾಗ ಏನಾಯಿತೆಂಬುದನ್ನು ಲೈನ್‌ಮನ್ನರನ್ನು ಕೇಳಬೇಕು. ತ್ರೀ ಫೇಸ್ ಬಂದ ಕ್ಷಣವೇ ಸಾಲು ಸಾಲು ಮೋಟಾರುಗಳು ಒಟ್ಟಿಗೆ ಎಳೆಯತೊಡಗಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ವಿದ್ಯುತ್ ಕಂಪನಿಗಳು ‘ಆಟೋ ಸ್ಟಾರ್ಟರ್ ತೆಗೆಯಿರಿ, ಕೆಪಾಸಿಟರ್ ಹಾಕಿಸಿ’ ಎಂದು ಹೇಳುತ್ತಲೇ ಬಂದಿರುವುದು ಇದಕ್ಕೇ. ವೆಬ್ ಸರ್ವರಿನ ಪಾಡೂ ಅದೇ. ಕರೆಂಟು ಬಂದ ಕೂಡಲೇ ಸಾವಿರ ಮನೆಗಳ ಹಲಗೆಗಳು ಒಂದೇ ಸೆಕೆಂಡಿಗೆ ಬಾಗಿಲು ಬಡಿದು, ಸಿಗದಿದ್ದರೆ ಮರುಸೆಕೆಂಡಿಗೆ ಮತ್ತೆ ಬಡಿದರೆ ಅದು ಏಳುವುದೇ ಇಲ್ಲ. ಮೊದಲು ಐದು ಸೆಕೆಂಡು ಕಾಯಬೇಕು, ಆಮೇಲೆ ಹತ್ತು, ಆಮೇಲೆ ಇಪ್ಪತ್ತು. ಅದಕ್ಕೆ ಒಂದಿಷ್ಟು ಅಂದಾಜಿನ ಹೆಚ್ಚುಕಡಿಮೆಯನ್ನೂ ಸೇರಿಸಬೇಕು, ಪಕ್ಕದ ಮನೆಯದಕ್ಕೂ ನಮ್ಮದಕ್ಕೂ ತಾಳ ತಪ್ಪಲಿ ಎಂದು.

ಈಗ ನಿಜವಾದ ಅಪಾಯಕ್ಕೆ ಬರೋಣ. ಆನವಟ್ಟಿಯ ಅದೇ ಮನೆ. ಅಮ್ಮ ಫೋನು ಮಾಡಿದ್ದಾರೆ.

‘ತಮ್ಮಾ, ಟ್ಯಾಂಕಲ್ಲಿ ನೀರಿಲ್ಲ ಕಣೋ. ಮೋಟಾರು ಹಾಕು.’

‘ಹಾಕಿದೆ ಅಮ್ಮ.’

‘ಎಲ್ಲಿ ಹಾಕಿದ್ಯೋ? ಸದ್ದೇ ಇಲ್ಲ.’

‘ತಡಿ, ಇನ್ನೊಂದ್ಸಲ ಒತ್ತೀನಿ.’

ಮೊದಲ ಸಲ ಒತ್ತಿದ್ದು ಮನೆಗೆ ತಲುಪಿತ್ತು, ಉತ್ತರ ಮಾತ್ರ ಹಿಂದೆ ಬರಲು ತಡವಾಗಿತ್ತು. ಮೋಟಾರು ಇನ್ನೇನು ಶುರುವಾಗಬೇಕು ಎನ್ನುವಷ್ಟರಲ್ಲಿ ಎರಡನೇ ಕೋರಿಕೆ ಬಂತು, ನಿಂತಿತು. ಯಾಕೆಂದರೆ ಅವನ ಬಟನ್ನಿನ ಅರ್ಥ ‘ಹಾಕು’ ಎಂದಲ್ಲ, ‘ಈಗ ಇರುವುದನ್ನು ತಿರುಗಿಸು’ ಎಂದು. ಹೋಮ್ ಅಸಿಸ್ಟೆಂಟು ಹೊರಗಿನ ಉತ್ತರಕ್ಕೆ ತಾನಾಗಿ ಕಾಯುವುದು 10 ಸೆಕೆಂಡು ಮಾತ್ರ. ಅಷ್ಟರಲ್ಲಿ ಉತ್ತರ ಬರಲಿಲ್ಲವೆಂದರೆ ಕೆಲಸ ಆಗಿಲ್ಲವೆಂದೇ ಅಲ್ಲ, ಆಗಿರಲೂಬಹುದು. ಮೂರನೇ ಸಲ ಒತ್ತಿ ಮೋಟಾರು ಶುರುವಾಗಿ, ಅವನಿಗೆ ಅದು ಗೊತ್ತಾಗದೆ, ಬಾವಿ ಬತ್ತಿ ಖಾಲಿ ಓಡಿ ವೈಂಡಿಂಗ್ ಸುಟ್ಟರೆ ರಿಪೇರಿಯ ಬಿಲ್ಲು ಅಪ್ಪನ ಕೈಗೆ. ಆದ್ದರಿಂದ ನೀರು, ಬೆಂಕಿ, ಬೀಗದ ವಿಷಯದಲ್ಲಿ ‘ತಿರುಗಿಸು’ ಎಂಬ ಕೋರಿಕೆಯೇ ಇರಬಾರದು. ‘ಆನ್ ಆಗಿರಲಿ’, ‘ಆಫ್ ಆಗಿರಲಿ’ ಎಂಬ ಎರಡೇ. ಹತ್ತು ಸಲ ಹೇಳಿದರೂ ಫಲ ಒಂದೇ ಆಗಬೇಕು. ‘ಇಪ್ಪತ್ತು ನಿಮಿಷ ಆನ್ ಆಗಿರಲಿ’ ಎಂದರೆ ಇನ್ನೂ ಮೇಲು. ಆ ಇಪ್ಪತ್ತು ನಿಮಿಷದ ಲೆಕ್ಕ ಇಡುವುದು ಮೋಟಾರಿನ ಪಕ್ಕದ ಹಲಗೆಯೇ ಆಗಿರಬೇಕು, ಬೆಂಗಳೂರಿನ ಸರ್ವರು ಅಲ್ಲ. ಡ್ರೈ ರನ್ ತಡೆಯುವ ಸಾಧನವನ್ನೂ ‘ಈಗ ಇಂಟರ್ನೆಟ್ ಬಂತಲ್ಲ’ ಎಂದು ಕಿತ್ತುಹಾಕಬೇಡಿ.

ಮಗನಿಗೆ ಸಂದೇಶ ಕಳಿಸುವುದಕ್ಕೆ ಯಾವ ದಾರಿ? ಎಸ್ಸೆಮ್ಮೆಸ್ ಎನ್ನುತ್ತಾರೆ ಎಲ್ಲರೂ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಗೇಟ್‌ವೇ ಮೂಲಕ ಸಂದೇಶ ಕಳಿಸುವವರು ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ, ಒಕ್ಕಣೆಯನ್ನೂ ಮೊದಲೇ ಒಪ್ಪಿಸಿಕೊಂಡಿರಬೇಕು. 2021ರ ಮಾರ್ಚ್ 8ರಂದು ಇದನ್ನು ಬಿಗಿಯಾಗಿ ಜಾರಿ ಮಾಡಿದಾಗ ಬ್ಯಾಂಕುಗಳ ಒಟಿಪಿಯೇ ತಡೆದು ನಿಂತಿತ್ತು, ನಮ್ಮ ಸಿಂಟೆಕ್ಸಿನ ಮಾತೇನು? ವಾಟ್ಸ್ಆ್ಯಪ್ ತನ್ನ ಕ್ಲೌಡ್ ಎಪಿಐಯನ್ನು 2022ರ ಮೇನಲ್ಲಿ ತೆರೆಯಿತಾದರೂ ಅದು ವ್ಯಾಪಾರಿಗಳಿಗೆ ಹೊಲಿದ ಅಂಗಿ. ಟೆಲಿಗ್ರಾಂ 2015ರ ಜೂನಿನಿಂದ ಬಾಟ್‌ಗಳಿಗೆ ಬಾಗಿಲು ತೆರೆದಿಟ್ಟಿದೆ, ಕಾಸಿಲ್ಲ, ಅರ್ಜಿಯಿಲ್ಲ. ಹಾಗಾಗಿ ಹೆಚ್ಚಿನವರು ಅಲ್ಲಿಗೇ ಹೋಗುತ್ತಾರೆ. ಅದರ ಕೀಲಿ ಒಂದು ಉದ್ದನೆಯ ಅಕ್ಷರಮಾಲೆ, ಅದು ವಿಳಾಸದೊಳಗೇ ಇರುತ್ತದೆ. ‘ನಮ್ಮನೇಲಿ ಹೆಂಗೆ ಮಾಡೀನಿ ನೋಡಿ’ ಎಂದು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರೆ ಕೀಲಿಯೂ ಅದರ ಜೊತೆ ಹೋಯಿತು. ಹೋದರೆ ಹಳೆಯದನ್ನು ರದ್ದು ಮಾಡಿ ಹೊಸದು ಪಡೆಯಬೇಕು, ಚಿತ್ರ ಅಳಿಸಿದರೆ ಸಾಲದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ. ಕೇಳುವುದಕ್ಕೆ ಹೊರಗೆ ಹೋಗಿ, ಬದುಕುವುದಕ್ಕೆ ಹೊರಗನ್ನು ನೆಚ್ಚಬೇಡಿ. ಗೂಗಲ್ ಬಳಗದ ನೆಸ್ಟ್ ಕಂಪನಿ ತಾನು ಕೊಂಡಿದ್ದ ರಿವಾಲ್ವ್ ಎಂಬ ಮನೆ ನಿಯಂತ್ರಕದ ಸೇವೆಯನ್ನು 2016ರ ಮೇನಲ್ಲಿ ನಿಲ್ಲಿಸಿತು, ದುಡ್ಡು ಕೊಟ್ಟು ಕೊಂಡ ಡಬ್ಬ ಕೆಲಸಕ್ಕೆ ಬಾರದ್ದಾಯಿತು. ಇನ್‌ಸ್ಟಿಯಾನ್ ಎಂಬ ಅಮೆರಿಕದ ಕಂಪನಿಯ ಸರ್ವರುಗಳು 2022ರ ಏಪ್ರಿಲಿನಲ್ಲಿ ಒಂದು ಮಾತೂ ಹೇಳದೆ ಬಾಗಿಲು ಹಾಕಿಕೊಂಡವು. 2020ರ ನವೆಂಬರ್ 25ರಂದು ಅಮೆಜಾನಿನ ಕ್ಲೌಡ್ ಸೇವೆಯ ಒಂದು ಭಾಗ ಕೆಟ್ಟದ್ದಕ್ಕೆ ಯಾರದೋ ಮನೆಯ ಕಸ ಗುಡಿಸುವ ಯಂತ್ರವೂ ಕೆಲಸ ಮರೆಯಿತು. ಗೋಡೆಯ ಸ್ವಿಚ್ಚು ಒತ್ತಿದರೆ ಇಂಟರ್ನೆಟ್ ಇಲ್ಲದಾಗಲೂ ದೀಪ ಹತ್ತಬೇಕು. ಹತ್ತದ ಮನೆಯನ್ನು ಜಾಣ ಮನೆ ಎಂದು ಮಾರುವವರಿಂದ ದೂರವಿರಿ.

ಈಗ ಮಳೆಯ ಮಾತಿಗೆ ಬರುತ್ತೇನೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಸೋಲಾರಿನಲ್ಲಿ ನಡೆಯುವ, ಸಿಮ್ ಹಾಕಿದ ಯಂತ್ರಗಳು ಅವು. ಹದಿನೈದು ನಿಮಿಷಕ್ಕೊಮ್ಮೆ ತಮ್ಮ ಊರಿನ ಮಳೆಯ ಲೆಕ್ಕವನ್ನು ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರಕ್ಕೆ ಮುಟ್ಟಿಸುತ್ತವೆ. ಅಂದರೆ ನಾನು ಇಷ್ಟು ಹೊತ್ತು ಹೇಳಿದ ವಿದ್ಯೆಯನ್ನೇ ನಮ್ಮ ಪಂಚಾಯಿತಿಗಳ ಮಳೆಮಾಪಕ ಸದ್ದಿಲ್ಲದೆ ಮಾಡುತ್ತಿದೆ. ದೇಶದಲ್ಲಿ ಇಷ್ಟು ಒತ್ತಾಗಿ ಮಳೆ ಅಳೆಯುವ ರಾಜ್ಯಗಳು ಅಪರೂಪ, ಹೆಮ್ಮೆಪಡಬೇಕಾದ ಕೆಲಸ. ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನು ಮಾಡಿದರೆ ಹೇಳುತ್ತಾರೆ. ಸಿಡಿಲು ಎಚ್ಚರಿಸಲು ‘ಸಿಡಿಲು’ ಎಂಬ ಆ್ಯಪೂ ಇದೆ. ಮನುಷ್ಯ ಕೇಳಿದರೆ ಉತ್ತರವುಂಟು.

ಮನೆ ಕೇಳಿದರೆ? ಸೊರಬದಲ್ಲಿ ಬಿದ್ದ ಮಳೆ ಹದಿನೈದು ನಿಮಿಷದಲ್ಲಿ ಯಲಹಂಕಕ್ಕೆ ಗೊತ್ತಾಗುತ್ತದೆ. ಸೊರಬದ ಮನೆಯ ಯಂತ್ರ ಮಾತ್ರ ಯುರೋಪಿನ ಯಾವುದೋ ಸರ್ವರಿಗೆ ‘ನಮ್ಮೂರಲ್ಲಿ ಮಳೆ ಬರುತ್ತಿದೆಯೇ?’ ಎಂದು ಕೇಳುತ್ತದೆ, ಅದು ಮಾದರಿ ನೋಡಿ ಅಂದಾಜು ಹೇಳುತ್ತದೆ. ಅಳತೆ ಮಾಡಿದ್ದು ನಾವು, ಖರ್ಚು ಕೊಟ್ಟದ್ದು ನಾವು. ಕೊನೆಗೆ ಅಂದಾಜನ್ನು ನಂಬಿಕೊಂಡು ಕೂರುವವರೂ ನಾವೇ.

ವಿದ್ಯುತ್ತಿನದು ಇನ್ನೂ ಸೊಗಸು. ನಾಳೆ ಯಾವ ಫೀಡರಿನಲ್ಲಿ ಎಷ್ಟು ಹೊತ್ತು ಲೈನು ತೆಗೆಯುತ್ತಾರೆಂಬ ಮೆಸ್ಕಾಂ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ‘ವಿದ್ಯುತ್ ವ್ಯತ್ಯಯ, ಗ್ರಾಹಕರು ಸಹಕರಿಸಬೇಕು’ ಎಂದು ಬರುತ್ತದೆ. ಅದನ್ನೇ ಯಾರೋ ಫೋಟೊ ತೆಗೆದು ವಾಟ್ಸ್ಆ್ಯಪಿಗೆ ಹಾಕುತ್ತಾರೆ. ಅಷ್ಟೊತ್ತಿಗೆ ಕರೆಂಟು ಹೋಗಿ ಅರ್ಧ ದಿನ. ಅದೇ ಪಟ್ಟಿ ಯಂತ್ರ ಓದುವ ರೂಪದಲ್ಲಿ ಒಂದು ವಿಳಾಸದಲ್ಲಿದ್ದರೆ ಮನೆ ಹಿಂದಿನ ರಾತ್ರಿಯೇ ಟ್ಯಾಂಕು ತುಂಬಿಸಿಕೊಳ್ಳುತ್ತದೆ, ಇನ್ವರ್ಟರು ಚಾರ್ಜು ಮಾಡಿಕೊಳ್ಳುತ್ತದೆ. ತೋಟದ ತ್ರೀ ಫೇಸಿನ ಸರದಿಯೂ ಹಾಗೇ ಸಿಕ್ಕರೆ ಆಟೋ ಸ್ಟಾರ್ಟರಿನ ಗೊಡವೆಯೇ ಬೇಡ. ಪಾಳಿಗೆ ತಕ್ಕಂತೆ ಒಂದೊಂದು ಮೋಟಾರು ಹತ್ತು ನಿಮಿಷದ ಅಂತರದಲ್ಲಿ ಶುರುವಾಗಬಹುದು, ಟಿಸಿಯೂ ಉಳಿಯುತ್ತದೆ. ಲಾಭ ಮೆಸ್ಕಾಮಿಗೇ ಹೆಚ್ಚು.

ಇದೇನು ಆಗದ ಮಾತೇ? ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣ 2012ರಿಂದ ಇದೆ. ಕೃಷಿ ಮಾರುಕಟ್ಟೆಗಳ ದಿನದ ದರ ಅಲ್ಲಿ ಎಪಿಐ ರೂಪದಲ್ಲೇ ಸಿಗುತ್ತದೆ. ಹೆಸರು ಕೊಟ್ಟು ಒಂದು ಕೀಲಿ ಪಡೆದರಾಯಿತು. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಬೆಳೆ, ತಳಿ, ಕನಿಷ್ಠ ದರ, ಗರಿಷ್ಠ ದರ, ಹೆಚ್ಚಿನ ವ್ಯಾಪಾರ ನಡೆದ ದರ, ಎಲ್ಲ ಬಿಡಿಬಿಡಿಯಾಗಿ. ಊರಿನ ಹೆಸರನ್ನು ಅವರು ಇಂಗ್ಲಿಷಿನಲ್ಲಿ ಬರೆದಂತೆಯೇ ಕೇಳಬೇಕು, ಒಂದಕ್ಷರ ಆಚೀಚೆಯಾದರೆ ಖಾಲಿ ಉತ್ತರ. ಅದೊಂದು ಕಿರಿಕಿರಿ ಬಿಟ್ಟರೆ ಸಂಜೆ ಏಳಕ್ಕೆ ಮನೆ ತಾನಾಗಿ ರಾಶಿ, ಬೆಟ್ಟೆ, ಸರಕು, ಗೊರಬಲಿನ ದರ ತಂದು ಅಪ್ಪನ ಫೋನಿಗೆ ಹಾಕಬಹುದು. ದಲ್ಲಾಳಿ ಹೇಳಿದ ಮಾತನ್ನು ಪರೀಕ್ಷಿಸಲು ಅಷ್ಟು ಸಾಕು. ದೆಹಲಿಯಿಂದ ಅಡಿಕೆ ದರ ಸಿಗುವಾಗ ಬೆಂಗಳೂರಿನಿಂದ ಮಳೆಯೂ ಮಂಗಳೂರಿನ ಮೆಸ್ಕಾಮಿನಿಂದ ಕರೆಂಟಿನ ವೇಳೆಯೂ ಯಾಕೆ ಸಿಗಬಾರದು?

ಕಾನೂನೂ ಇದರ ಪರವಾಗಿಯೇ ಇದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕಚೇರಿಗಳು ತಾವಾಗಿಯೇ, ಇಂಟರ್ನೆಟ್ ಸೇರಿದಂತೆ ನಾನಾ ವಿಧದಲ್ಲಿ, ಕಾಲಕಾಲಕ್ಕೆ ಮಾಹಿತಿ ಪ್ರಕಟಿಸಬೇಕು, ಜನ ಅರ್ಜಿ ಹಾಕುವ ಪ್ರಮೇಯವೇ ಕಡಿಮೆಯಾಗಬೇಕು ಎನ್ನುತ್ತದೆ. ಆ ಮಾತನ್ನು ಪಿಡಿಎಫ್ ಹಾಕಿ ಕೈತೊಳೆದುಕೊಳ್ಳುವುದರಲ್ಲೇ ಮುಗಿಸಿದ್ದೇವೆ. ಇಸವಿ, ದಿನ, ವೇಳೆ, ಫೀಡರಿನ ಹೆಸರು, ಇಷ್ಟು ನಾಲ್ಕು ಕಲಂ ಇದ್ದರೆ ಯಂತ್ರಕ್ಕೆ ಬೇಕಾದಷ್ಟಾಯಿತು. ಒಂದು ಉತ್ತರದ ಗಾತ್ರ ಒಂದು ಫೋಟೊದ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ.

ಎರಡು ತಾಲ್ಲೂಕು ಸೇರಿ ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿದ್ದೇವೆ, ಆದ್ದರಿಂದ ಕೇಳುವ ಅಭ್ಯಾಸ ನಮಗೆ ಇದೆ. ಈ ಸಲ ಕೇಳುವಾಗ ಒಂದು ಷರತ್ತು ಹಾಕಿ: ಆ್ಯಪ್ ಬೇಡ. ಮಾಹಿತಿ ಕೊಡಿ ಎಂದ ಕೂಡಲೇ ನಮ್ಮ ಇಲಾಖೆಗಳು ಮೊದಲು ಆ್ಯಪ್ ಮಾಡಿಸಿ, ಸಚಿವರ ಕೈಯಲ್ಲಿ ಬಿಡುಗಡೆ ಮಾಡಿಸುತ್ತವೆ. ಆ್ಯಪ್ ತೆರೆಯಲು ಮನೆಗೆ ಹೆಬ್ಬೆರಳಿಲ್ಲ, ಒಟಿಪಿ ಓದಲು ಕಣ್ಣಿಲ್ಲ. ಯಾರು ಬೇಕಾದರೂ ಕೇಳಬಹುದಾದ, ಲಾಗಿನ್ ಇಲ್ಲದ, ವರ್ಷವರ್ಷಕ್ಕೆ ಬದಲಾಗದ ಒಂದು ವಿಳಾಸ ಕೊಟ್ಟರೆ ಆ್ಯಪನ್ನು ಶಿವಮೊಗ್ಗದ ಎಂಜಿನಿಯರಿಂಗ್ ಹುಡುಗಿಯರೇ ಒಂದು ವಾರದಲ್ಲಿ ಮಾಡಿಕೊಳ್ಳುತ್ತಾರೆ. ಮೊದಲು ಶಿಕಾರಿಪುರ, ಸೊರಬದ ಫೀಡರುಗಳ ನಾಳಿನ ಪಟ್ಟಿ ಬರಲಿ, ಅದರ ಹಿಂದೆ ಪಂಚಾಯಿತಿವಾರು ಮಳೆ. ಅಂಜನಾಪುರ ಜಲಾಶಯದ ನೀರಿನ ಮಟ್ಟ ಆಮೇಲೆ ಬಂದರೂ ನಡೆಯುತ್ತದೆ.